ಬೀದರ್ ಸೀಮೆಯಲ್ಲಿ ಮಾಪನ ವಿದ್ಯೆ: 1815ರ ಆಧಾರರೇಖೆಯಿಂದ ತಾಂತ್ರಿಕ ಕಾಲೇಜುಗಳ ಉಪಕರಣ ಶಿಕ್ಷಣದವರೆಗೆ

ಬೀದರ್ ಜಿಲ್ಲೆಯ ಇತಿಹಾಸವನ್ನು ಕುರಿತ ಬರಹಗಳು ಬಹುಮಟ್ಟಿಗೆ ಬಹಮನಿ ಅರಸರ ಕೋಟೆ, ಮಹಮೂದ್ ಗವಾನನ ಮದರಸಾ, ಬಿದರಿ ಕಲೆ ಹಾಗೂ ಕಲ್ಯಾಣದ ಶರಣ ಪರಂಪರೆಯ ಸುತ್ತ ರಚಿತವಾಗಿವೆ. ವಿಜ್ಞಾನ ಮತ್ತು ತಂತ್ರಜ್ಞಾನದ ಚರಿತ್ರೆಯ ದೃಷ್ಟಿಯಿಂದ ಈ ಸೀಮೆಯನ್ನು ನೋಡಿದ ಪ್ರಯತ್ನಗಳು ವಿರಳ. ಆದರೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಭೂಮಿಯ ಆಕಾರ ಮತ್ತು ಗಾತ್ರವನ್ನು ನಿರ್ಧರಿಸಲು ನಡೆದ ಮಹತ್ತರ ಕಾರ್ಯದಲ್ಲಿ ಬೀದರ್ ಒಂದು ನಿರ್ಣಾಯಕ ಸ್ಥಾನವನ್ನು ಪಡೆದಿತ್ತು. ಅದೇ ಸೀಮೆಯಲ್ಲಿ, ಸುಮಾರು ಒಂದೂವರೆ ಶತಮಾನದ ತರುವಾಯ, ಬೀದರ್ ಮತ್ತು ಭಾಲ್ಕಿಯ ತಾಂತ್ರಿಕ ಕಾಲೇಜುಗಳಲ್ಲಿ ಮಾಪನ ಮತ್ತು ಉಪಕರಣಶಾಸ್ತ್ರ ಪದವಿ ವ್ಯಾಸಂಗದ ಭಾಗವಾಯಿತು. ಈ ಎರಡು ಸಂಗತಿಗಳ ನಡುವಣ ಸಂಬಂಧವನ್ನೂ, ಎರಡನೆಯದು ಮೊದಲನೆಯದರಿಂದ ಪಡೆಯಬಹುದಾಗಿದ್ದ ಆದರೆ ಪಡೆಯದೆ ಉಳಿದ ಪಾಠವನ್ನೂ ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲಾಗಿದೆ.

ಬೀದರ್ ಆಧಾರರೇಖೆ

ಬೀದರ್ ಪ್ರಸ್ಥಭೂಮಿಯಲ್ಲಿ ಅಳತೆಯ ವಿದ್ಯೆ ಬ್ರಿಟಿಷರೊಡನೆ ಬಂದುದಲ್ಲ. ಬಹಮನಿ ಕಾಲದ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗಗಳೇ ಇದಕ್ಕೆ ಸಾಕ್ಷಿ. ಜಂಬಿಟ್ಟಿಗೆಯ ಪದರದಲ್ಲಿ ಒಸರುವ ನೀರನ್ನು ಸಣ್ಣ ಇಳಿಜಾರಿನಲ್ಲಿ ದೂರದವರೆಗೆ ಹರಿಸಬೇಕಾದರೆ, ಮೇಲಿನಿಂದ ತೋಡಿದ ಬಾವಿಗಳ ತಳಮಟ್ಟವನ್ನು ಒಂದಕ್ಕೊಂದು ಹೊಂದಿಸುವ ಮಟ್ಟಮಾಪನದ ಜ್ಞಾನ ಅನಿವಾರ್ಯ. ನೌಬಾದಿನ ಕರೇಜನ್ನು ನಿರ್ಮಿಸಿದವರಿಗೆ ಈ ಜ್ಞಾನ ಇದ್ದಿತೆಂಬುದನ್ನು ಸುರಂಗವೇ ಹೇಳುತ್ತದೆ. ಆದರೆ ಅವರು ಬಳಸಿದ ಕ್ರಮ ಕುಶಲಕರ್ಮಿಗಳ ಕೈಯಿಂದ ಕೈಗೆ ಸಾಗಿದ ವಿದ್ಯೆಯಾಗಿತ್ತೇ ಹೊರತು ಪಾಠವಾಗಿ ಮುಂದಿನ ತಲೆಮಾರಿಗೆ ದಾಟಲಿಲ್ಲ.

ಆಧುನಿಕ ಅರ್ಥದ ಮಾಪನ ಈ ಸೀಮೆಗೆ ಬಂದದ್ದು 1815ರಲ್ಲಿ. ದಕ್ಷಿಣ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ನಡೆಸುತ್ತಿದ್ದ ವಿಲಿಯಂ ಲ್ಯಾಂಬ್ಟನ್, ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಸಾಗಿಸಿಕೊಂಡು ಬಂದ ತ್ರಿಕೋನಗಳ ಸರಣಿಯನ್ನು ಪರಿಶೀಲಿಸಲು ದಾಮರಗಿದ್ದದ ಸಮೀಪ ಒಂದು ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆಸಿದನು. ಈ ಸ್ಥಳ ಬೀದರ್ ನಗರಕ್ಕೆ ಈಶಾನ್ಯದಲ್ಲಿ, ಔರಾದ ತಾಲ್ಲೂಕಿಗೆ ಆಗ್ನೇಯದಲ್ಲಿ, ಇಂದಿನ ಕರ್ನಾಟಕ ಮತ್ತು ತೆಲಂಗಾಣಗಳ ಗಡಿಗೆ ಹತ್ತಿರದಲ್ಲಿದೆ. ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ನೆಲದ ಮೇಲೆ ನೇರವಾಗಿ ಅಳೆಯುವುದು ಒಂದೇ ಭುಜವನ್ನು. ಉಳಿದೆಲ್ಲ ದೂರಗಳನ್ನು ಥಿಯೋಡೊಲೈಟಿನಿಂದ ಪಡೆದ ಕೋನಗಳ ಮೂಲಕ ಲೆಕ್ಕ ಹಾಕಲಾಗುತ್ತದೆ. ಆದುದರಿಂದ ಆಧಾರರೇಖೆಯಲ್ಲಿ ಉಳಿದ ತಪ್ಪು ನೂರಾರು ಮೈಲಿಗಳವರೆಗೆ ಬೆಳೆಯುತ್ತಾ ಹೋಗುತ್ತದೆ.

ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟಿನಲ್ಲಿ ತೀರಿಕೊಂಡ ಮೇಲೆ ಕಾರ್ಯವನ್ನು ವಹಿಸಿಕೊಂಡ ಜಾರ್ಜ್ ಎವರೆಸ್ಟನು ದಾಮರಗಿದ್ದದಿಂದ ಮಧ್ಯ ಭಾರತದ ಸಿರೋಂಜ್ ಬಳಿಯ ಕಲ್ಯಾಣಪುರದವರೆಗೆ ರೇಖಾಂಶ ಚಾಪವನ್ನು ವಿಸ್ತರಿಸಿ, ಅದರ ವಿವರವನ್ನು 1830ರಲ್ಲಿ ಪ್ರಕಟಿಸಿದನು. ಭಾರತದ ಭೂಪಟಗಳಿಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಆಧಾರವಾದ ಎವರೆಸ್ಟ್ ಗೋಳಾಭದ ಲೆಕ್ಕದಲ್ಲಿ ದಾಮರಗಿದ್ದದ ಅಕ್ಷಾಂಶವೂ ಸೇರಿದೆ. ಅಷ್ಟಾದರೂ ಎವರೆಸ್ಟನಿಗೆ ಹಳೆಯ ಅಳತೆ ತೃಪ್ತಿ ನೀಡಲಿಲ್ಲ. ಲ್ಯಾಂಬ್ಟನ್ ಬಳಸಿದ ದೊಡ್ಡ ಥಿಯೋಡೊಲೈಟ್ 1808ರಲ್ಲಿ ತಂಜಾವೂರಿನಲ್ಲಿ ಬಿದ್ದು ಜಖಂಗೊಂಡು ದುರಸ್ತಿಯಾಗಿತ್ತು. ಉಕ್ಕಿನ ಸರಪಳಿಯ ಉದ್ದವಂತೂ ಬಿಸಿಲೇರಿದಂತೆ ಬದಲಾಗುತ್ತಿತ್ತು.

ಈ ಕೊನೆಯ ಸಂಗತಿಯ ಪ್ರಮಾಣವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11.5 ಭಾಗದಷ್ಟು ಹಿಗ್ಗುತ್ತದೆ. 100 ಅಡಿಯ ಸರಪಳಿ 10 ಡಿಗ್ರಿ ಬಿಸಿಯಾದರೆ ಹಿಗ್ಗುವುದು 0.14 ಅಂಗುಲದಷ್ಟು ಮಾತ್ರ. ಆದರೆ ಎಂಟು ಮೈಲಿಯ ರೇಖೆಯನ್ನು ಅಳೆಯಲು ಆ ಸರಪಳಿಯನ್ನು 420ಕ್ಕೂ ಹೆಚ್ಚು ಬಾರಿ ಚಾಚಬೇಕು. ಅಲ್ಲಿಗೆ ಗಮನಕ್ಕೆ ಬಾರದ ಕಿರು ಹಿಗ್ಗುವಿಕೆ ಸುಮಾರು ಐದು ಅಡಿಯ ದೋಷವಾಗಿ ಪರಿಣಮಿಸುತ್ತದೆ. ಎಷ್ಟು ಬಾರಿ ಅಳೆದರೂ ಈ ದೋಷ ಒಂದೇ ದಿಕ್ಕಿನಲ್ಲಿ ಮರುಕಳಿಸುವುದರಿಂದ, ಸರಾಸರಿ ತೆಗೆದು ಇದನ್ನು ನಿವಾರಿಸಲಾಗದು.

ಇದಕ್ಕೆ ಪರಿಹಾರವಾಗಿ ಎವರೆಸ್ಟನು 1830ರಲ್ಲಿ ಇಂಗ್ಲೆಂಡಿನಿಂದ ಕೋಲ್ಬಿಯ ಪರಿಹಾರಕ ದಂಡಗಳನ್ನು ತಂದನು. ತಲಾ ಹತ್ತು ಅಡಿಯ ಈ ಜೋಡಿ ದಂಡಗಳಲ್ಲಿ ಒಂದು ಕಬ್ಬಿಣದ್ದು, ಮತ್ತೊಂದು ಹಿತ್ತಾಳೆಯದು. ಎರಡನ್ನೂ ನಡುವೆ ಬಿಗಿದು, ತುದಿಗಳಲ್ಲಿ ತಿರುಗುವ ನಾಲಗೆಗಳನ್ನು ಜೋಡಿಸಲಾಗಿತ್ತು. ಕಬ್ಬಿಣ ಮತ್ತು ಹಿತ್ತಾಳೆ ಸುಮಾರು ಮೂರಕ್ಕೆ ಐದರ ಪ್ರಮಾಣದಲ್ಲಿ ಹಿಗ್ಗುವುದರಿಂದ, ನಾಲಗೆಯ ಮೇಲೆ ಲೆಕ್ಕ ಹಾಕಿ ಗುರುತಿಸಿದ ಚುಕ್ಕೆಯೊಂದು ಉಷ್ಣಾಂಶ ಬದಲಾದರೂ ಸ್ಥಳ ಬಿಡದೆ ನಿಲ್ಲುತ್ತಿತ್ತು. ಇಂತಹ ಆರು ದಂಡಗಳನ್ನು ಸಾಲಾಗಿಟ್ಟು, ಅವುಗಳ ನಡುವಣ ಆರು ಅಂಗುಲದ ಅಂತರವನ್ನು ಸೂಕ್ಷ್ಮದರ್ಶಕಗಳಿಂದ ಗುರುತಿಸಿ, ಡೇರೆಗಳ ನೆರಳಿನಲ್ಲಿ ಮುಂದುವರಿಯುತ್ತಿದ್ದರು. ಹೀಗಿದ್ದರೂ ಎರಡು ಲೋಹಗಳು ಒಂದೇ ವೇಗದಲ್ಲಿ ಬಿಸಿಯಾಗುವುದಿಲ್ಲವೆಂಬ ತೊಡಕು ಕಂಡುಬಂದಿತು. ಆದುದರಿಂದ ಅಳತೆಯ ಆರಂಭದಲ್ಲಿ, ನಡುವೆ ಹಾಗೂ ಕೊನೆಯಲ್ಲಿ ದಂಡಗಳನ್ನು ಒಂದು ಪ್ರಮಾಣ ದಂಡದೊಡನೆ ಹೋಲಿಸುವ ಕ್ರಮವನ್ನು ಅನುಸರಿಸಲಾಯಿತು.

ಬೀದರ್ ಆಧಾರರೇಖೆಯನ್ನು ಈ ದಂಡಗಳಿಂದ 1841ರಲ್ಲಿ ಮರಳಿ ಅಳೆದವನು ಆಂಡ್ರೂ ವಾ. ಇದಕ್ಕೂ ಮುಂಚೆ ಡೆಹರಾಡೂನ್ ಮತ್ತು ಸಿರೋಂಜ್‌ಗಳಲ್ಲಿ ಇದೇ ಬಗೆಯ ಅಳತೆಗಳು ಮುಗಿದಿದ್ದವು. ಸಿರೋಂಜ್‌ನಿಂದ ನೂರಾರು ಮೈಲಿಗಳ ತ್ರಿಕೋನ ಸರಣಿಯ ಮೂಲಕ ಲೆಕ್ಕ ಹಾಕಿ ಪಡೆದ ಬೀದರ್ ರೇಖೆಯ ಉದ್ದಕ್ಕೂ, ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ಕೆಲವೇ ಅಂಗುಲಗಳು. ಹೆಚ್ಚುಕಡಿಮೆ ಎಂಟು ಮೈಲಿಯ ರೇಖೆಯಲ್ಲಿ ಇಷ್ಟು ಹೊಂದಾಣಿಕೆ ದೊರೆತುದು ಆ ಕಾಲಕ್ಕೆ ಅಸಾಧಾರಣ ಸಾಧನೆ. 1840-41ರ ಋತುವಿನಲ್ಲಿ ಎವರೆಸ್ಟನು ಕಲ್ಯಾಣಪುರದಲ್ಲಿಯೂ ವಾ ದಾಮರಗಿದ್ದದಲ್ಲಿಯೂ ಇದ್ದು, ಅವೇ ನಕ್ಷತ್ರಗಳನ್ನು ಏಕಕಾಲಕ್ಕೆ ವೀಕ್ಷಿಸಿ ಅಕ್ಷಾಂಶಗಳ ಅಂತರವನ್ನು ನಿರ್ಧರಿಸಿದರು. ನಕ್ಷತ್ರಗಳ ಸ್ಥಾನದ ಬಗೆಗಿನ ಅನುಮಾನ ಎರಡೂ ಕಡೆ ಸಮಾನವಾಗಿ ಬರುವುದರಿಂದ, ವ್ಯವಕಲನದಲ್ಲಿ ಅದು ಬಹುಮಟ್ಟಿಗೆ ಕಳೆದುಹೋಗುತ್ತದೆ ಎಂಬುದು ಈ ಕ್ರಮದ ಹಿಂದಿನ ತತ್ತ್ವ. 1847ರಲ್ಲಿ ಪ್ರಕಟವಾದ ಎವರೆಸ್ಟನ ವಿವರಣಾ ಗ್ರಂಥದ ಶೀರ್ಷಿಕೆಯಲ್ಲಿಯೇ 18 ಡಿಗ್ರಿ 3 ಮಿನಿಟು 15 ಸೆಕೆಂಡು ಎಂಬ ದಾಮರಗಿದ್ದದ ಅಕ್ಷಾಂಶ ಸ್ಥಾನ ಪಡೆದಿದೆ.

ಅಳೆದವರು, ಅಳೆಯಲ್ಪಟ್ಟ ಸೀಮೆ

ಈ ಘಟನೆಯ ಮತ್ತೊಂದು ಮುಖವನ್ನೂ ಗಮನಿಸಬೇಕಾಗಿದೆ. ಸರ್ವೇಕ್ಷಣೆಯ ಉಪಕರಣಗಳನ್ನು ದುರಸ್ತಿಗೊಳಿಸಿ, ವೃತ್ತಗಳಿಗೆ ಮರಳಿ ಅಂಶಗಳನ್ನು ಕೊರೆದವರಲ್ಲಿ ಪ್ರಮುಖನಾದ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಆರ್ಕಾಟಿನವನು. ಔಪಚಾರಿಕ ಶಿಕ್ಷಣದ ಬಲದಿಂದಲ್ಲದೆ ಕೈಕಸುಬಿನ ಬಲದಿಂದ ಮುಂದೆ ಬಂದ ಈತ, ಯುರೋಪಿಯನ್ ತಜ್ಞ ಹೆನ್ರಿ ಬ್ಯಾರೋನ ತರುವಾಯ ಸರ್ವೇಕ್ಷಣೆಯ ಗಣಿತೋಪಕರಣ ತಯಾರಕನ ಹುದ್ದೆಗೇರಿದನು. ಲೆಕ್ಕಾಚಾರದ ವಿಭಾಗದಲ್ಲಿ ಬಂಗಾಳದ ರಾಧಾನಾಥ್ ಸಿಕ್ದಾರನು 1831ರಿಂದ ದುಡಿದನು. ಹೀಗೆ ಮಹಾ ಚಾಪದ ಕಾರ್ಯದಲ್ಲಿ ಭಾರತೀಯರ ಪಾಲು ಗಣನೀಯವಾಗಿದ್ದರೂ, ಬೀದರ್ ಸೀಮೆಯ ಜನರಿಗೆ ಆ ವಿದ್ಯೆ ದೊರೆಯಲಿಲ್ಲ. ಅಳೆಯುವವರು ಹೊರಗಿನಿಂದ ಬಂದರು. ಅಳೆದು ಮುಗಿಸಿ ದಂಡಗಳೊಡನೆ ಹಿಂದಿರುಗಿದರು. ಈ ಸೀಮೆಯ ಪಾಲಿಗೆ ಉಳಿದುದು ಗ್ರಂಥವೊಂದರಲ್ಲಿನ ಹೆಸರು ಮಾತ್ರ.

ನಿಜಾಮರ ಆಳ್ವಿಕೆಯ ಕಾಲದಲ್ಲಿ ಬೀದರ್ ಕಡೆಯ ಯುವಕನಿಗೆ ಸ್ವಂತ ಸಂಸ್ಥಾನದೊಳಗೆ ಇಂಜಿನಿಯರಿಂಗ್ ಪದವಿಯ ದಾರಿ ತೆರೆದುದು ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಕಾಲೇಜು 1929ರಲ್ಲಿ ಆರಂಭವಾದಾಗ. ಆ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು. ವೈಜ್ಞಾನಿಕ ಪರಿಭಾಷೆಯನ್ನು ಉರ್ದುವಿನಲ್ಲಿ ರೂಪಿಸಲು ದಾರುಲ್ ತರ್ಜುಮಾ ಎಂಬ ಭಾಷಾಂತರ ವಿಭಾಗವೇ ಕೆಲಸ ಮಾಡುತ್ತಿತ್ತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ತಾಂತ್ರಿಕ ಶಿಕ್ಷಣವನ್ನು ನೀಡಲು ಸಾಧ್ಯವೆಂದು ತೋರಿಸಿದ ಈ ಪ್ರಯೋಗ 1948ರಲ್ಲಿ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ವಿಲೀನವಾದ ಮೇಲೆ ನಿಂತುಹೋಯಿತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಅಹಮದಪುರ, ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಹಾಗೂ ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೂ ಸೇರಿದವು. ಬೀದರ್, ಭಾಲ್ಕಿ, ಔರಾದ ಮತ್ತು ಹುಮನಾಬಾದ್ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಅದೇ ವರ್ಷ ಅಂಗೀಕಾರವಾದ ತೂಕ ಮತ್ತು ಅಳತೆಗಳ ಕಾಯಿದೆಯ ಮೇರೆಗೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು, 1962ರ ಏಪ್ರಿಲಿನಿಂದ ಮೆಟ್ರಿಕ್ ತೂಕಗಳು ಕಡ್ಡಾಯವಾದವು. ಆಡಳಿತ, ಭಾಷೆ ಮತ್ತು ಅಳತೆಯ ಮಾನ ಈ ಮೂರೂ ಒಂದೇ ದಶಕದಲ್ಲಿ ಬದಲಾದ ಅನುಭವ ಈ ಗಡಿ ತಾಲ್ಲೂಕುಗಳದು.

ತಾಂತ್ರಿಕ ಕಾಲೇಜುಗಳ ಉದಯ

ಹೈದರಾಬಾದ್ ಕರ್ನಾಟಕ ಪ್ರದೇಶದಲ್ಲಿ ಪದವಿ ಮಟ್ಟದ ತಾಂತ್ರಿಕ ಶಿಕ್ಷಣ 1958ರಲ್ಲಿ ಗುಲ್ಬರ್ಗಾದ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜಿನಿಂದ ಪ್ರಾರಂಭವಾಯಿತು. ಬೀದರ್ ಜಿಲ್ಲೆ ಇನ್ನೂ ಎರಡು ದಶಕಗಳ ಕಾಲ ಕಾಯಬೇಕಾಯಿತು. 1980ರಲ್ಲಿ ಬೀದರ್ ನಗರದಲ್ಲಿ, ನಾನಕ್ ಝೀರಾ ಗುರುದ್ವಾರದ ಆಶ್ರಯದಲ್ಲಿ, ಗುರು ನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ಗುಲ್ಬರ್ಗಾ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದುದೂ ಅದೇ ವರ್ಷ. 1982ರಲ್ಲಿ ಭಾಲ್ಕಿಯಲ್ಲಿ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯು ರೂರಲ್ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಅದು ಮುಂದೆ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಎಂಬ ಹೆಸರನ್ನು ಪಡೆಯಿತು. ತಾಲ್ಲೂಕು ಕೇಂದ್ರವೊಂದರ ಕಾಲೇಜು ತನ್ನ ಮೊದಲ ಹೆಸರಿನಲ್ಲಿಯೇ ಗ್ರಾಮೀಣ ಎಂಬ ಮಾತನ್ನು ಧರಿಸಿದುದು ಅದರ ಉದ್ದೇಶವನ್ನು ಸೂಚಿಸುತ್ತದೆ. ಔರಾದ ತಾಲ್ಲೂಕಿನ ವಿದ್ಯಾರ್ಥಿಗಳಿಗೆ ಈ ಎರಡು ಕೇಂದ್ರಗಳಲ್ಲದೆ ಗಡಿಯಾಚೆಯ ನಾಂದೇಡವೂ ದೂರವಲ್ಲ. ಅಲ್ಲಿ 1981ರಲ್ಲಿ ಆರಂಭವಾದ ಶ್ರೀ ಗುರು ಗೋವಿಂದ ಸಿಂಗ್‌ಜಿ ಸಂಸ್ಥೆಯಲ್ಲಿ ಉಪಕರಣಶಾಸ್ತ್ರವೇ ಒಂದು ಪ್ರತ್ಯೇಕ ಪದವಿ ವಿಭಾಗವಾಗಿ ಬೆಳೆದಿದೆ.

ಈ ಕಾಲೇಜುಗಳ ಸ್ಥಾಪನೆಯ ಚಾರಿತ್ರಿಕ ಮಹತ್ತ್ವ ಇರುವುದು ಇಲ್ಲಿಯೇ. ಹೊರಗಿನವರಿಂದ ಅಳೆಯಲ್ಪಟ್ಟ ಸೀಮೆಯ ಮಕ್ಕಳು ಮೊದಲ ಬಾರಿಗೆ ಗಣನೀಯ ಸಂಖ್ಯೆಯಲ್ಲಿ, ಸ್ವಂತ ನೆಲದಲ್ಲಿಯೇ, ಅಳೆಯುವ ವಿದ್ಯೆಯನ್ನು ಕಲಿಯುವಂತಾಯಿತು. ಸಿವಿಲ್ ವಿಭಾಗದ ಸರ್ವೇಕ್ಷಣೆ, ಮೆಕ್ಯಾನಿಕಲ್ ವಿಭಾಗದ ಮಾಪನ ಮತ್ತು ಮಾನಶಾಸ್ತ್ರ, ಎಲೆಕ್ಟ್ರಾನಿಕ್ಸ್ ವಿಭಾಗದ ಉಪಕರಣಶಾಸ್ತ್ರ ಇವೆಲ್ಲವೂ ಒಂದೇ ವಿದ್ಯೆಯ ಕವಲುಗಳು.

ಪಠ್ಯಕ್ರಮದಲ್ಲಿ ಮಾಪನದ ಸ್ಥಾನ

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ರಾಜ್ಯದ ತಾಂತ್ರಿಕ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದ ಮೇಲೆ ಬೀದರ್ ಮತ್ತು ಭಾಲ್ಕಿಗಳಲ್ಲಿಯೂ ಏಕರೂಪದ ಪಠ್ಯಕ್ರಮ ಜಾರಿಗೆ ಬಂದಿತು. 2006 ಮತ್ತು 2010ರ ಯೋಜನೆಗಳಲ್ಲಿ ಎಲೆಕ್ಟ್ರಾನಿಕ್ಸ್ ಸಮೂಹದ ಮೂರನೆಯ ಸೆಮಿಸ್ಟರಿಗೆ ಎಲೆಕ್ಟ್ರಾನಿಕ್ ಇನ್‌ಸ್ಟ್ರುಮೆಂಟೇಶನ್ ಎಂಟು ಘಟಕಗಳ ಪೂರ್ಣ ವಿಷಯವಾಗಿತ್ತು. ದೋಷಗಳ ವಿಧ, ನಿಖರತೆ, ವಿಭೇದನ ಸಾಮರ್ಥ್ಯ ಮತ್ತು ಸಾರ್ಥಕ ಅಂಕಿಗಳಿಂದ ಆರಂಭವಾಗಿ, ವೋಲ್ಟ್‌ಮೀಟರು, ಆಸಿಲೋಸ್ಕೋಪು, ಸಂಕೇತ ಜನಕಗಳು, ಸೇತು ಮಂಡಲಗಳು ಮತ್ತು ಸಂವೇದಕಗಳವರೆಗೆ ಅದು ವಿಸ್ತರಿಸಿತ್ತು. ಆದರೆ ಆ ಸೆಮಿಸ್ಟರಿನ ಪ್ರಯೋಗಾಲಯಗಳು ಅನಲಾಗ್ ಎಲೆಕ್ಟ್ರಾನಿಕ್ಸ್ ಮತ್ತು ಲಾಜಿಕ್ ಡಿಸೈನಿಗೆ ಮೀಸಲಾಗಿದ್ದವು. ಉಪಕರಣಶಾಸ್ತ್ರಕ್ಕೆಂದೇ ಪ್ರತ್ಯೇಕ ಪ್ರಯೋಗಾಲಯ ಇರಲಿಲ್ಲ. ಅಳತೆಯ ವಿದ್ಯೆಯನ್ನು ಅಳೆಯದೆ ಕಲಿಯಬೇಕಾದ ವಿಚಿತ್ರ ಸನ್ನಿವೇಶ ಇದು. 2018ರ ಯೋಜನೆಯಲ್ಲಿ ಸ್ಥಿತಿ ತಿರುವುಮುರುವಾಯಿತು. ಉಪಕರಣಗಳ ಹೆಸರನ್ನು ಹೊತ್ತ ಪ್ರಯೋಗಾಲಯವೊಂದು ಬಂದಿತು. ಆದರೆ ಸಿದ್ಧಾಂತ ಭಾಗ ಪವರ್ ಎಲೆಕ್ಟ್ರಾನಿಕ್ಸ್‌ನೊಡನೆ ಒಂದೇ ವಿಷಯವಾಗಿ ಕೂಡಿಕೊಂಡು ಕುಗ್ಗಿತು. ಅದೇ ವರ್ಷ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಮಾದರಿ ಪಠ್ಯಕ್ರಮ ಪದವಿಯ ಒಟ್ಟು ಕ್ರೆಡಿಟ್‌ಗಳನ್ನು 160ಕ್ಕೆ ಇಳಿಸಿತು. ಹೊಸ ವಿಷಯಗಳಿಗೆ ಜಾಗ ಮಾಡಬೇಕಾದಾಗ ಮಾಪನದಂತಹ ಹಳೆಯ ವಿಷಯಗಳು ಒತ್ತಡಕ್ಕೆ ಸಿಲುಕುವುದು ಸಹಜ.

ಮೆಕ್ಯಾನಿಕಲ್ ವಿಭಾಗದ ಪರಂಪರೆ ಇದಕ್ಕಿಂತ ಭಿನ್ನವಾಗಿದೆ. ಅಲ್ಲಿ ಸಿದ್ಧಾಂತದೊಡನೆ ಪ್ರಯೋಗಾಲಯವೂ ಜೊತೆಯಾಗಿ ಸಾಗಿತು. ಒತ್ತಡಮಾಪಕ, ಉಷ್ಣಯುಗ್ಮ ಮತ್ತು ಲೋಡ್ ಸೆಲ್‌ಗಳ ಅಂಶಾಂಕನ, ಸ್ಲಿಪ್ ಗೇಜ್‌ಗಳ ಮೂಲಕ ಮೈಕ್ರೋಮೀಟರಿನ ಪರಿಶೀಲನೆ ಇವು ಅದರ ಮುಖ್ಯ ಪ್ರಯೋಗಗಳು. ಉಪಕರಣ ಹೇಳಿದುದನ್ನು ನಂಬುವ ಮೊದಲು ಅದನ್ನು ಪ್ರಮಾಣವೊಂದರೊಡನೆ ಹೋಲಿಸಿ ನೋಡುವ ಅಂಶಾಂಕನದ ಪದ್ಧತಿ, 1841ರಲ್ಲಿ ಬೀದರ್ ಬಯಲಿನಲ್ಲಿ ದಂಡಗಳನ್ನು ಪ್ರಮಾಣ ದಂಡದೊಡನೆ ಹೋಲಿಸಿದ ಕ್ರಮವೇ ಆಗಿದೆ.

ಪಠ್ಯಕ್ರಮಕ್ಕಿಂತಲೂ ಬೋಧನಾ ರೂಢಿಯ ಪ್ರಶ್ನೆ ಹೆಚ್ಚು ಗಂಭೀರವಾದುದು. ದೇಶದ ಪದವಿ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಫಲಿತಾಂಶ ಮೊದಲೇ ತಿಳಿದಿರುತ್ತದೆ. ವಿದ್ಯಾರ್ಥಿಯ ಓದಿಕೆಗಳು ಅದಕ್ಕೆ ಹೊಂದಿಕೆಯಾದರೆ ಅಂಕ. ಹೊಂದದಿದ್ದರೆ ಓದಿಕೆಯನ್ನೇ ತಿದ್ದುವ ಪ್ರಲೋಭನೆ. ವ್ಯತ್ಯಾಸವೇಕೆ ಬಂದಿತು, ಅದು ಉಪಕರಣದ್ದೋ ಪರಿಸರದ್ದೋ ನೋಡಿದವನದ್ದೋ ಎಂದು ಹುಡುಕುವುದೇ ಮಾಪನ ವಿದ್ಯೆಯ ಜೀವಾಳ. ಬೀದರ್ ಆಧಾರರೇಖೆಯ ವರದಿಯಲ್ಲಿ ಆ ಕೆಲವು ಅಂಗುಲಗಳ ವ್ಯತ್ಯಾಸವನ್ನು ಮರೆಮಾಚದೆ ದಾಖಲಿಸಿದುದರಿಂದಲೇ ಅದರ ಉಳಿದ ಅಂಕಿಗಳು ವಿಶ್ವಾಸಾರ್ಹವಾದವು. ಮಾಪನ ಅನಿಶ್ಚಿತತೆಯನ್ನು ನಿರೂಪಿಸುವ ಅಂತರರಾಷ್ಟ್ರೀಯ ಮಾರ್ಗದರ್ಶಿ 1993ರಲ್ಲಿ ಪ್ರಕಟವಾದಂದಿನಿಂದ, ಅನಿಶ್ಚಿತತೆಯನ್ನು ಹೇಳದ ಅಳತೆ ಅಪೂರ್ಣವೆಂಬ ನಿಲುವು ಜಗತ್ತಿನ ಪ್ರಯೋಗಾಲಯಗಳಲ್ಲಿ ಬೇರೂರಿದೆ. 2010ರ ಯೋಜನೆಯ ಮೊದಲ ಘಟಕ ದೋಷದ ವರ್ಗೀಕರಣವನ್ನು ಹೇಳಿಕೊಟ್ಟಿತಾದರೂ, ಅನಿಶ್ಚಿತತೆಯ ಭಾಷೆ ಅದರ ಶೀರ್ಷಿಕೆಗಳಲ್ಲಿ ಸ್ಥಾನ ಪಡೆಯಲಿಲ್ಲ.

ಇದು ಕೇವಲ ಶೈಕ್ಷಣಿಕ ಸೂಕ್ಷ್ಮವೆಂದು ತಳ್ಳಿಹಾಕುವಂತಿಲ್ಲ. ಕಬ್ಬು ಬೆಳೆಯುವ ಬೀದರ್ ಜಿಲ್ಲೆಯಲ್ಲಿ ರೈತನ ವರ್ಷದ ಗಳಿಕೆ ಸಕ್ಕರೆ ಕಾರ್ಖಾನೆಯ ತೂಕದ ಸೇತುವೆಯ ಮೇಲೆ ನಿರ್ಧಾರವಾಗುತ್ತದೆ. ಆಧುನಿಕ ತೂಕದ ಸೇತುವೆಯ ಕೆಳಗಿರುವುದು ಲೋಡ್ ಸೆಲ್. ಅದರೊಳಗೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳನ್ನು ವೀಟ್‌ಸ್ಟನ್ ಸೇತುಮಂಡಲವಾಗಿ ಜೋಡಿಸಲಾಗಿರುತ್ತದೆ. ಭಾರ ಬಿದ್ದಾಗ ಗೇಜಿನ ರೋಧ ಅತ್ಯಲ್ಪವಾಗಿ ಬದಲಾಗಿ, ಸೇತುವಿನ ಸಮತೋಲ ತಪ್ಪಿ ದೊರೆಯುವ ಕಿರು ವಿದ್ಯುದ್ವಿಭವವೇ ತೂಕವಾಗಿ ಅಂಕಿಯಲ್ಲಿ ಮೂಡುತ್ತದೆ. 20 ಟನ್ ಕಬ್ಬಿನ ಲಾರಿಯ ತೂಕದಲ್ಲಿ ಶೇಕಡಾ 0.5ರಷ್ಟು ದೋಷ ಉಳಿದರೆ ಅದು 100 ಕಿಲೋಗ್ರಾಮಿಗೆ ಸಮ. ಉಷ್ಣಾಂಶದಿಂದ ರೋಧ ಬದಲಾಗುವುದನ್ನು ಸೇತುವಿನ ಅಕ್ಕಪಕ್ಕದ ಭುಜಗಳಲ್ಲಿ ಸರಿದೂಗಿಸುವ ಉಪಾಯ, ತತ್ತ್ವತಃ ಕೋಲ್ಬಿಯ ಕಬ್ಬಿಣ ಮತ್ತು ಹಿತ್ತಾಳೆಯ ಜೋಡಿಗೆ ಸಮೀಪದ ಬಂಧು. ಭಾಲ್ಕಿಯ ತರಗತಿಯಲ್ಲಿ ಸೇತುಮಂಡಲದ ಸೂತ್ರವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿ ಅನೇಕ ವೇಳೆ ಕಬ್ಬು ಬೆಳೆಯುವ ಮನೆತನದಿಂದಲೇ ಬಂದಿರುತ್ತಾನೆ. ಆ ಸೂತ್ರಕ್ಕೂ ತನ್ನ ಮನೆಯ ಲೆಕ್ಕಕ್ಕೂ ಇರುವ ಸಂಬಂಧ ತಿಳಿದಾಗ ಮಾಪನ ಅವನಿಗೆ ನ್ಯಾಯದ ವಿಷಯವಾಗುತ್ತದೆ. ಕಾರಂಜಾ ಜಲಾಶಯದ ನೀರಿನ ಮಟ್ಟ, ಮಳೆಮಾಪಕದ ಓದಿಕೆ, ವಿದ್ಯುತ್ ಮೀಟರಿನ ಎಣಿಕೆ ಇವೂ ಇದೇ ಸಾಲಿಗೆ ಸೇರುತ್ತವೆ.

ಭಾಷೆಯ ಪ್ರಶ್ನೆ

ಔರಾದ ಮತ್ತು ಭಾಲ್ಕಿ ತಾಲ್ಲೂಕುಗಳಲ್ಲಿ ಕನ್ನಡ, ಮರಾಠಿ, ಉರ್ದು ಮತ್ತು ತೆಲುಗು ಬೆರೆತು ಬಾಳುತ್ತವೆ. ಶಾಲೆಯಲ್ಲಿ ಇವುಗಳಲ್ಲಿ ಒಂದರ ಮೂಲಕ ಕಲಿತು ಬಂದ ವಿದ್ಯಾರ್ಥಿ ಉಪಕರಣಶಾಸ್ತ್ರವನ್ನು ಇಂಗ್ಲಿಷಿನಲ್ಲಿಯೇ ಎದುರಿಸಬೇಕು. ಅಕ್ಯುರಸಿ ಮತ್ತು ಪ್ರಿಸಿಷನ್ ಎಂಬ ಎರಡು ಬೇರೆ ಪರಿಕಲ್ಪನೆಗಳಿಗೆ ಬಳಕೆಯ ಕನ್ನಡದಲ್ಲಿ ನಿಖರತೆ ಎಂಬ ಒಂದೇ ಮಾತು ಸಲ್ಲುತ್ತದೆ. ಮೊದಲನೆಯದು ಅಳತೆ ನಿಜಮೌಲ್ಯಕ್ಕೆ ಎಷ್ಟು ಸಮೀಪವೆಂಬುದನ್ನೂ, ಎರಡನೆಯದು ಪುನರಾವರ್ತಿತ ಅಳತೆಗಳು ಒಂದಕ್ಕೊಂದು ಎಷ್ಟು ಸಮೀಪವೆಂಬುದನ್ನೂ ಹೇಳುತ್ತದೆ. ಬಿಸಿಲಿಗೆ ಹಿಗ್ಗಿದ ಸರಪಳಿ ಪ್ರತಿ ಬಾರಿಯೂ ಒಂದೇ ಉತ್ತರ ಕೊಡಬಲ್ಲದು. ಆ ಉತ್ತರ ಪ್ರತಿ ಬಾರಿಯೂ ತಪ್ಪಾಗಿರಬಲ್ಲದು. ಮೊದಲನೆಯದಕ್ಕೆ ಯಥಾರ್ಥತೆ, ಎರಡನೆಯದಕ್ಕೆ ನಿಷ್ಕೃಷ್ಟತೆ ಎಂಬ ಮಾತುಗಳನ್ನು ಸ್ಥಿರಪಡಿಸಿದರೆ ಗೊಂದಲ ತಪ್ಪುತ್ತದೆ.

2021-22ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಭಾರತೀಯ ಭಾಷೆಗಳಲ್ಲಿ ಪದವಿ ಬೋಧನೆಗೆ ಅವಕಾಶ ನೀಡಿದಾಗ, ಕನ್ನಡ ಮಾಧ್ಯಮಕ್ಕೆ ಮುಂದೆ ಬಂದ ರಾಜ್ಯದ ಬೆರಳೆಣಿಕೆಯ ಕಾಲೇಜುಗಳಲ್ಲಿ ಭಾಲ್ಕಿಯ ಸಂಸ್ಥೆಯೂ ಒಂದಾಗಿತ್ತು. ರಾಜ್ಯದ ಗಡಿಯಂಚಿನ, ಬಹುಭಾಷಿಕ ತಾಲ್ಲೂಕಿನ ಕಾಲೇಜು ಈ ಹೆಜ್ಜೆ ಇಟ್ಟುದು ಉಲ್ಲೇಖನೀಯ. ಆದರೆ ರಾಜ್ಯದಾದ್ಯಂತ ಈ ಮಾಧ್ಯಮವನ್ನು ಆರಿಸಿಕೊಂಡ ವಿದ್ಯಾರ್ಥಿಗಳ ಸಂಖ್ಯೆ ತೀರಾ ಅಲ್ಪವಾಗಿತ್ತು. ಉದ್ಯೋಗದ ಚಿಂತೆ ಇದಕ್ಕೆ ಮುಖ್ಯ ಕಾರಣವಾದರೂ, ಸಿದ್ಧ ಪಠ್ಯಪುಸ್ತಕಗಳ ಮತ್ತು ಸ್ಥಿರ ಪರಿಭಾಷೆಯ ಅಭಾವವೂ ಕಡಿಮೆಯದಲ್ಲ. ಉಸ್ಮಾನಿಯಾದ ಪ್ರಯೋಗದಲ್ಲಿ ಪರಿಭಾಷೆ ಮತ್ತು ಅನುವಾದದ ಸಿದ್ಧತೆ ಬೋಧನೆಗೆ ಮುನ್ನವೇ ಆರಂಭವಾಗಿತ್ತೆಂಬುದು ಇಲ್ಲಿ ಸ್ಮರಣೀಯ.

ಉಪಸಂಹಾರ

ಒಟ್ಟಿನಲ್ಲಿ, ಬೀದರ್ ಸೀಮೆಯ ಮಾಪನ ಚರಿತ್ರೆಯಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು. ಕರೇಜ್‌ಗಳ ಕಾಲದಲ್ಲಿ ವಿದ್ಯೆ ಈ ನೆಲದಲ್ಲಿ ನೆಲಸಿತ್ತು, ಆದರೆ ಬರಹಕ್ಕೆ ಇಳಿಯಲಿಲ್ಲ. ಆಧಾರರೇಖೆಯ ಕಾಲದಲ್ಲಿ ಅದು ಬರಹಕ್ಕೆ ಇಳಿಯಿತು, ಆದರೆ ಇಲ್ಲಿನವರ ಕೈಸೇರಲಿಲ್ಲ. 1980ರ ದಶಕದ ಕಾಲೇಜುಗಳೊಡನೆ ಅದು ಇಲ್ಲಿನವರ ಕೈಗೆ ಬಂದಿತು, ಆದರೆ ತನ್ನ ಚರಿತ್ರೆಯಿಂದ ಬೇರ್ಪಟ್ಟು ಪರೀಕ್ಷೆಯ ವಿಷಯವಾಗಿ ಬಂದಿತು. ನೌಬಾದಿನ ಕರೇಜಿನ ಇಳಿಜಾರನ್ನು ಸಿವಿಲ್ ವಿದ್ಯಾರ್ಥಿಗಳು ಮಟ್ಟಮಾಪನದ ಪ್ರಯೋಗವಾಗಿ ಅಳೆಯುವುದು, ದಾಮರಗಿದ್ದದ ಅಳತೆಯನ್ನು ಉಪಗ್ರಹ ಆಧಾರಿತ ಸ್ಥಾನನಿರ್ಣಯದೊಡನೆ ಹೋಲಿಸುವುದು, ತೂಕದ ಸೇತುವೆಯ ಅಂಶಾಂಕನವನ್ನು ಪ್ರಯೋಗಾಲಯದ ಪಾಠವಾಗಿಸುವುದು ಇವು ಹೆಚ್ಚಿನ ವೆಚ್ಚವನ್ನು ಬೇಡುವ ಕಾರ್ಯಗಳಲ್ಲ. ಸ್ಥಳೀಯ ಚರಿತ್ರೆ ಮತ್ತು ತಾಂತ್ರಿಕ ಶಿಕ್ಷಣ ಪರಸ್ಪರ ಅಪರಿಚಿತವಾಗಿ ಉಳಿಯಬೇಕಾದ ಕಾರಣವೂ ಇಲ್ಲ. ಇತಿಹಾಸಕಾರರು ಆಧಾರರೇಖೆಯ ತುದಿಗಳನ್ನೂ ಸರ್ವೇಕ್ಷಣಾ ಠಾಣೆಗಳ ಅವಶೇಷಗಳನ್ನೂ ಗುರುತಿಸಿ ದಾಖಲಿಸಿದರೆ, ಉಪಕರಣಶಾಸ್ತ್ರದ ಅಧ್ಯಾಪಕರಿಗೆ ಬೀದರಿನ ಬಯಲೇ ಒಂದು ಪ್ರಯೋಗಾಲಯವಾಗಿ ಒದಗುತ್ತದೆ.